ಪ್ರಶ್ನೆ ಕೇಳಿದ ಶಿಷ್ಯನ ಬೆಟ್ಟ

ಚೆನ್ನೈಗೆ ಪ್ರವಾಸ ಹೋಗುವವರು ನೋಡಿ ಬರುವ ಸ್ಥಳಗಳ ಪಟ್ಟಿ ಬಹುಮಟ್ಟಿಗೆ ಒಂದೇ. ಮರೀನಾ ಕಡಲತೀರ, ಮಯಿಲಾಪುರದ ಕಪಾಲೀಶ್ವರ ದೇವಾಲಯ, ಗಿಂಡಿಯ ಹಾವಿನ ಉದ್ಯಾನ, ಎಗ್ಮೋರಿನ ವಸ್ತುಸಂಗ್ರಹಾಲಯ, ಬಿಡುವಿದ್ದರೆ ಮಹಾಬಲಿಪುರ. ಇದೇ ದಾರಿಗಳಲ್ಲಿ ಸಿಕ್ಕರೂ ಹೆಚ್ಚಿನವರ ಗಮನಕ್ಕೆ ಬಾರದೆ ಉಳಿಯುವ ಮೂರು ತಾಣಗಳಿವೆ. ಮರೀನಾದ ದಕ್ಷಿಣಕ್ಕೆ ಕಡಲಂಚಿನಲ್ಲಿ ಬೆಳ್ಳಗೆ ನಿಂತಿರುವ ಸ್ಯಾಂಥೋಮ್ ಚರ್ಚು ಮೊದಲನೆಯದು. ಸೈದಾಪೇಟೆಯ ಬಳಿ ಅಡ್ಯಾರ್ ನದಿಗೆ ಸಮೀಪದಲ್ಲಿರುವ ಚಿನ್ನಮಲೈ ಎರಡನೆಯದು. ವಿಮಾನ ನಿಲ್ದಾಣದ ನೆರೆಯಲ್ಲಿ ಎದ್ದು ನಿಂತ ಪರಂಗಿಮಲೈ ಮೂರನೆಯದು.

ಈ ಮೂರನ್ನೂ ಪೋಣಿಸಿರುವ ದಾರ ಒಬ್ಬನೇ ವ್ಯಕ್ತಿ. ಆತ ಯೇಸುಕ್ರಿಸ್ತನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾದ ತೋಮ. ಇಂಗ್ಲಿಷಿನಲ್ಲಿ ಯಾವುದನ್ನೂ ಸುಲಭವಾಗಿ ನಂಬದವನಿಗೆ ‘ಡೌಟಿಂಗ್ ಥಾಮಸ್’ ಎಂದು ಹೆಸರಿಡುವ ರೂಢಿ ಇವನಿಂದಲೇ ಬಂದದ್ದು. ಎರಡು ಸಾವಿರ ವರ್ಷಗಳ ನಂತರವೂ ಒಬ್ಬ ಮನುಷ್ಯ ತಾನು ಒಮ್ಮೆ ಆಡಿದ ಒಂದು ಮಾತಿನಿಂದಲೇ ಗುರುತಿಸಲ್ಪಡುವುದು ವಿಚಿತ್ರ. ಆದರೆ ಈ ಮೂರು ತಾಣಗಳನ್ನು ನಿಧಾನವಾಗಿ ನೋಡಿ, ಅವನ ಬದುಕಿನ ಬಗ್ಗೆ ಬರೆದಿಟ್ಟಿರುವುದನ್ನು ಗಮನವಿಟ್ಟು ಓದಿದವರಿಗೆ ಆ ಹೆಸರು ಅವನಿಗೆ ಸಂದ ನ್ಯಾಯವಲ್ಲ ಎನಿಸದಿರದು. ಮನೆಯಲ್ಲಿ ಓದುವ ಮಕ್ಕಳಿರುವವರಿಗಂತೂ ಈ ಶಿಷ್ಯನ ಕಥೆ ಬಹಳ ಹತ್ತಿರದ್ದು.

ಮೂರು ಸಂದರ್ಭ, ಮೂರು ಮಾತು

‘ತೋಮ’ ಎಂಬುದು ಅರಮಾಯಿಕ್ ಭಾಷೆಯಲ್ಲಿ ಅವಳಿ ಎಂಬ ಅರ್ಥದ ಶಬ್ದ. ಗ್ರೀಕಿನಲ್ಲಿ ಅದನ್ನೇ ‘ದಿದುಮ’ ಎನ್ನುತ್ತಾರೆ. ನಾಲ್ಕು ಸುವಾರ್ತೆಗಳಲ್ಲಿ ಮೂರು ಅವನ ಹೆಸರನ್ನು ಶಿಷ್ಯರ ಪಟ್ಟಿಯಲ್ಲಿ ಸೇರಿಸಿ ಸುಮ್ಮನಾಗುತ್ತವೆ. ಅವನು ಮಾತನಾಡುವುದು ಯೋಹಾನನ ಸುವಾರ್ತೆಯಲ್ಲಿ ಮಾತ್ರ. ಅಲ್ಲಿಯೂ ಮುಖ್ಯವಾಗಿ ಮೂರೇ ಸಂದರ್ಭಗಳು.

ಮೊದಲನೆಯದು ಲಾಜರನ ಸಾವಿನ ಸಂದರ್ಭ. ಯೂದಾಯ ಸೀಮೆಯಲ್ಲಿ ಯೇಸುವಿನ ಮೇಲೆ ಕಲ್ಲೆಸೆಯಲು ಜನ ಕಾದಿದ್ದರು. ಅಂಥ ಕಡೆಗೆ ಮತ್ತೆ ಹೋಗುವುದು ಬೇಡವೆಂದು ಶಿಷ್ಯರು ತಡೆಯುತ್ತಾರೆ. ಯೇಸು ಹೊರಟೇಬಿಡುತ್ತಾನೆ. ಆಗ ಉಳಿದವರಿಗೆ ಧೈರ್ಯ ತುಂಬಿದವನು ತೋಮ. ಸಾಯುವುದಾದರೆ ಗುರುವಿನ ಜೊತೆಯಲ್ಲೇ ಸಾಯೋಣ, ಹೊರಡಿ ಎಂಬರ್ಥದ ಮಾತು ಅವನದು. ಸಂದೇಹಿ ಎಂದು ಹೆಸರಾದವನ ಬಾಯಿಂದ ಬಂದ ಮೊದಲ ಮಾತು ಇದು ಎಂಬುದನ್ನು ಎಷ್ಟೋ ಮಂದಿ ಮರೆಯುತ್ತಾರೆ.

ಎರಡನೆಯದು ಕಡೆಯ ಭೋಜನದ ರಾತ್ರಿ. ತಾನು ಹೋಗುವ ಸ್ಥಳದ ದಾರಿ ನಿಮಗೆ ಗೊತ್ತಿದೆ ಎಂದು ಯೇಸು ಹೇಳುತ್ತಾನೆ. ಯಾರಿಗೂ ಗೊತ್ತಿರಲಿಲ್ಲ. ತೋಮ ಮಾತ್ರ ಬಾಯಿಬಿಟ್ಟು, ಎಲ್ಲಿಗೆ ಹೋಗುತ್ತೀಯೋ ಅದೇ ಗೊತ್ತಿಲ್ಲದಿರುವಾಗ ದಾರಿ ಗೊತ್ತಾಗುವುದು ಹೇಗೆಂದು ಕೇಳುತ್ತಾನೆ. ತಾನೇ ಆ ದಾರಿ ಎಂದು ಯೇಸು ಕೊಟ್ಟ ಉತ್ತರ ಕ್ರೈಸ್ತರೆಲ್ಲರೂ ಬಾಯಿಪಾಠವಾಗಿ ಬಲ್ಲ ಮಾತು. ತರಗತಿಯಲ್ಲಿ ಅರ್ಥವಾಗದಿದ್ದರೂ ತಲೆಯಾಡಿಸುವ ನಲವತ್ತು ಮಕ್ಕಳ ನಡುವೆ ಒಬ್ಬ ಎದ್ದುನಿಂತು ‘ಗೊತ್ತಾಗಲಿಲ್ಲ’ ಎಂದರೆ ಆಗುವ ಉಪಕಾರ ಇಂಥದ್ದು. ಪ್ರಶ್ನೆ ಒಬ್ಬನದು, ಉತ್ತರ ಎಲ್ಲರಿಗೂ.

ಮೂರನೆಯದೇ ಅವನಿಗೆ ಅಡ್ಡಹೆಸರು ತಂದ ಪ್ರಸಂಗ. ಶಿಲುಬೆಗೇರಿಸಲ್ಪಟ್ಟ ಯೇಸು ಎದ್ದುಬಂದು ಶಿಷ್ಯರಿಗೆ ಕಾಣಿಸಿಕೊಂಡಾಗ ತೋಮ ಅಲ್ಲಿರಲಿಲ್ಲ. ಉಳಿದವರು ಹೇಳಿದ್ದನ್ನು ಅವನು ಒಪ್ಪಲಿಲ್ಲ. ಮೊಳೆಯ ಗಾಯಗಳನ್ನು ಕಂಡು, ಬೆರಳಿಟ್ಟು ನೋಡದ ಹೊರತು ನಂಬುವುದಿಲ್ಲವೆಂದ. ಎಂಟು ದಿನಗಳ ಬಳಿಕ ಯೇಸು ಮತ್ತೆ ಬಂದು, ಅವನ ಕಡೆಗೇ ತಿರುಗಿ, ಬೆರಳಿಟ್ಟು ನೋಡೆಂದು ಕರೆದ. ತೋಮ ಅವನನ್ನು ತನ್ನ ಒಡೆಯನೆಂದೂ ದೇವರೆಂದೂ ಒಪ್ಪಿಕೊಂಡ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಉಳಿದ ಹತ್ತು ಮಂದಿಯೂ ಕಾಣದೆ ನಂಬಿದವರಲ್ಲ. ಸಮಾಧಿಯ ಬಳಿ ಹೋಗಿಬಂದ ಹೆಂಗಸರ ಮಾತನ್ನು ಅವರು ಬರೀ ಹರಟೆಯೆಂದು ತಳ್ಳಿಹಾಕಿದ್ದರೆಂದು ಲೂಕನ ಸುವಾರ್ತೆ ತಿಳಿಸುತ್ತದೆ. ಯೇಸು ತನ್ನ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದ ಮೇಲೆಯೇ ಅವರಿಗೆ ಸಂತೋಷವಾದದ್ದು. ತೋಮ ಕೇಳಿದ್ದು ಅವರಿಗೆ ಆಗಲೇ ಸಿಕ್ಕಿದ್ದ ಸಾಕ್ಷ್ಯವನ್ನಷ್ಟೇ. ಎರಡು, ಅವನು ನಿಜವಾಗಿಯೂ ಬೆರಳಿಟ್ಟು ನೋಡಿದನೆಂದು ಸುವಾರ್ತೆಯಲ್ಲಿ ಎಲ್ಲಿಯೂ ಬರೆದಿಲ್ಲ. ಗಾಯದೊಳಗೆ ಬೆರಳಿಟ್ಟ ಚಿತ್ರ ಇಟಲಿಯ ಕಾರಾವಾಜಿಯೋನಂಥ ಕಲಾವಿದರ ಕುಂಚದಿಂದ ಜನರ ಮನಸ್ಸಿನಲ್ಲಿ ಕುಳಿತದ್ದು. ಗ್ರಂಥದ ಪ್ರಕಾರ, ಕಂಡೊಡನೆ ಅವನು ತನ್ನ ಷರತ್ತನ್ನು ತಾನೇ ಕೈಬಿಟ್ಟ. ಕಾಣದೆ ನಂಬಿದವರು ಧನ್ಯರೆಂದು ಯೇಸು ಹೇಳಿದ್ದೂ ಇದೇ ಸಂದರ್ಭದಲ್ಲಿ. ಆದರೆ ಆ ಮಾತು ಬಂದದ್ದು ತೋಮ ಬೇಡಿದ್ದನ್ನು ಅವನ ಮುಂದೆ ಚಾಚಿದ ಮೇಲೆ. ಅದಕ್ಕೆ ಮುಂಚೆ ಗದರಿಕೆ ಇರಲಿಲ್ಲ.

ಕಡಲಂಚಿನ ಸಮಾಧಿ

ಸ್ಯಾಂಥೋಮ್ ಎಂಬುದು ಪೋರ್ಚುಗೀಸರು ಇಟ್ಟ ಹೆಸರು, ಸಂತ ತೋಮ ಎಂದೇ ಅರ್ಥ. ತೋಮನ ಸಮಾಧಿಯೆಂದು ನಂಬಲಾದ ಸ್ಥಳದಲ್ಲಿ ಅವರು 16ನೇ ಶತಮಾನದಲ್ಲಿ ಚರ್ಚು ಕಟ್ಟಿದರು. ಅದನ್ನು ಕೆಡವಿ ಹೊಸದಾಗಿ ಕಟ್ಟಿದ ಈಗಿನ ಕಟ್ಟಡ 1896ರಲ್ಲಿ ಪೂರ್ಣಗೊಂಡಿತು. ಯುರೋಪಿನ ಗಾಥಿಕ್ ಶೈಲಿಯ ಈ ಚರ್ಚಿನ ಗೋಪುರದ ಎತ್ತರ 155 ಅಡಿ. 1956ರಲ್ಲಿ ಇದಕ್ಕೆ ಬೆಸಿಲಿಕಾ ಎಂಬ ಗೌರವ ದೊರೆಯಿತು. 1986ರ ಫೆಬ್ರವರಿ 5ರಂದು ಪೋಪ್ ಎರಡನೇ ಜಾನ್ ಪಾಲ್ ಇಲ್ಲಿಗೆ ಬಂದು ಪ್ರಾರ್ಥಿಸಿದರು. ಯೇಸುವಿನ ಶಿಷ್ಯನ ಸಮಾಧಿಯ ಮೇಲೆ ನಿಂತಿದೆ ಎನ್ನಲಾದ ಚರ್ಚುಗಳು ಜಗತ್ತಿನಲ್ಲಿ ಬೆರಳೆಣಿಕೆಯವು. ರೋಮಿನ ಸಂತ ಪೇತ್ರನ ಚರ್ಚು, ಸ್ಪೇನಿನ ಸ್ಯಾಂಟಿಯಾಗೊ ಚರ್ಚುಗಳ ಸಾಲಿನಲ್ಲಿ ಇದನ್ನೂ ಸೇರಿಸುತ್ತಾರೆ.

ಒಳಗೆ ಎತ್ತರದ ಕಮಾನುಗಳು, ಬಣ್ಣದ ಗಾಜಿನಲ್ಲಿ ತೋಮನ ಕಥೆ, ಕಡಲ ಗಾಳಿ. ನೆಲಮಾಳಿಗೆಯ ಸಮಾಧಿ ಕೋಣೆಗೆ ಪ್ರತ್ಯೇಕ ಮೆಟ್ಟಿಲ ದಾರಿಯಿದೆ. ಅಲ್ಲಿ ಮಾತಿಲ್ಲ. ಎಲ್ಲ ಜಾತಿ ಮತಗಳ ಜನ ಬಂದು ಸ್ವಲ್ಪ ಹೊತ್ತು ಕುಳಿತು ಎದ್ದು ಹೋಗುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಶಾಲಾ ಸಮವಸ್ತ್ರದ ಮಕ್ಕಳೂ ಕಾಣುತ್ತಾರೆ.

13ನೇ ಶತಮಾನದ ಕೊನೆಯಲ್ಲಿ ಈ ತೀರಕ್ಕೆ ಬಂದ ವೆನಿಸ್ಸಿನ ಪ್ರವಾಸಿ ಮಾರ್ಕೊ ಪೋಲೊ ಇಲ್ಲಿಗೆ ಯಾತ್ರಿಕರು ಬರುತ್ತಿದ್ದುದನ್ನೂ, ಸಂತ ಮಡಿದ ಜಾಗದ ಕೆಂಪು ಮಣ್ಣನ್ನು ಜ್ವರ ಬಂದವರಿಗೆ ನೀರಿನಲ್ಲಿ ಕದಡಿ ಕುಡಿಸಲು ಒಯ್ಯುತ್ತಿದ್ದುದನ್ನೂ ಬರೆದಿದ್ದಾನೆ. ಅವನು ಕೇಳಿದ ಕಥೆಯಲ್ಲಿ ತೋಮ ಸತ್ತದ್ದು ಆಕಸ್ಮಿಕವಾಗಿ. ನವಿಲಿಗೆ ಗುರಿಯಿಟ್ಟ ಬೇಟೆಗಾರನ ಬಾಣ ಅವನಿಗೆ ತಗುಲಿತಂತೆ. ಮಯಿಲಾಪುರವೆಂದರೆ ನವಿಲೂರು ತಾನೇ! ಆದರೆ ಸ್ಥಳೀಯ ಐತಿಹ್ಯ ಹೇಳುವುದು ಬೇರೆ. ಪರಂಗಿಮಲೈಯಲ್ಲಿ ಪ್ರಾರ್ಥಿಸುತ್ತಿದ್ದಾಗ ವಿರೋಧಿಗಳು ಈಟಿಯಿಂದ ತಿವಿದು ಕೊಂದರು, ಅದು ಕ್ರಿ.ಶ. 72ನೇ ವರ್ಷ ಎಂದು.

ಇನ್ನೊಂದು ತೊಡಕೂ ಇದೆ. ತೋಮನ ಅಸ್ಥಿಗಳನ್ನು ಬಹಳ ಹಿಂದೆಯೇ ಸಿರಿಯಾ ಕಡೆಯ ಎಡೆಸ್ಸಾ ಪಟ್ಟಣಕ್ಕೆ ಒಯ್ದರೆಂದೂ, 1258ರಲ್ಲಿ ಅವು ಇಟಲಿಯ ಓರ್ತೋನಾ ಸೇರಿದವೆಂದೂ ಮತ್ತೊಂದು ಪರಂಪರೆ ಹೇಳುತ್ತದೆ. ಭಾರತದ ಅಂಚೆ ಇಲಾಖೆ 1964ರಲ್ಲಿ ಹೊರತಂದ ಸಂತ ತೋಮನ ಚೀಟಿಯಲ್ಲಿರುವುದು ಓರ್ತೋನಾದ ಮೂರ್ತಿಯೇ. ಅಂಚೆಚೀಟಿ ಸಂಗ್ರಹಿಸುವ ಮಕ್ಕಳು ಹುಡುಕಿ ನೋಡಬಹುದು.

ಚರ್ಚಿನ ಹಿಂದೆ ಕಡಲ ಕಡೆಗೆ ಒಂದು ಮರದ ಕಂಬವಿದೆ. ಸಮುದ್ರ ಇದನ್ನು ದಾಟದಿರಲೆಂದು ತೋಮನೇ ನೆಟ್ಟನೆಂಬ ಪ್ರತೀತಿ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದ ನಂತರ ಈ ಕಂಬದ ಮಾತು ಎಲ್ಲೆಡೆ ಹಬ್ಬಿತು. ಕಂಬದ ಮಹಿಮೆಯನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಆದರೆ ಅಂದು ಕಡಲಂಚಿನ ಕೇರಿಗಳಿಂದ ಮನೆಮಠ ಕಳೆದುಕೊಂಡು ಓಡಿಬಂದವರಿಗೆ ಚರ್ಚಿನ ಅಂಗಳ ಆಶ್ರಯವಾಯಿತು. ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಬಂದದ್ದು ನಿಜವೇ?

ತೋಮ ಭಾರತಕ್ಕೆ ಬಂದದ್ದು ನಿಜವೇ ಎಂಬ ಪ್ರಶ್ನೆಯನ್ನು ತೋಮನೇ ಮೊದಲು ಕೇಳುತ್ತಿದ್ದನೇನೋ! ಹಾಗಾಗಿ ಅದನ್ನು ತಪ್ಪಿಸಿಕೊಳ್ಳುವುದು ಅವನಿಗೆ ತೋರುವ ಗೌರವವಾಗದು.

ಕೇರಳದ ಕ್ರೈಸ್ತರ ಪರಂಪರೆಯಂತೆ ಅವನು ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿನ ಬಳಿಯ ಮುಜಿರಿಸ್ ಬಂದರಿನಲ್ಲಿ ಇಳಿದ. ಆ ಕಾಲದಲ್ಲಿ ಅಂಥ ಪ್ರಯಾಣ ಸಾಧ್ಯವಿತ್ತೇ ಎಂದರೆ ಖಂಡಿತ ಇತ್ತು. ಮುಂಗಾರಿನ ಗಾಳಿಯನ್ನು ನೆಚ್ಚಿ ಕೆಂಪು ಸಮುದ್ರದಿಂದ ಹಡಗುಗಳು ಮಲಬಾರ್ ತೀರಕ್ಕೆ ಮೆಣಸಿಗಾಗಿ ಬರುತ್ತಿದ್ದವು. ಒಂದನೇ ಶತಮಾನದ ಗ್ರೀಕ್ ನಾವಿಕನೊಬ್ಬನ ಕೈಪಿಡಿಯಲ್ಲಿ ಮುಜಿರಿಸಿನ ವರ್ಣನೆಯಿದೆ. ಕೇರಳದ ಪಟ್ಟಣಂ ಎಂಬಲ್ಲಿ 2007ರಿಂದ ನಡೆದ ಉತ್ಖನನದಲ್ಲಿ ರೋಮನ್ ಮದ್ಯದ ಜಾಡಿಗಳ ಚೂರುಗಳು ಸಿಕ್ಕಿವೆ. ರೋಮಿನ ವ್ಯಾಪಾರದ ಕುರುಹು ಕರ್ನಾಟಕದ ಒಳನಾಡಿಗೂ ತಲುಪಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ನಾಣ್ಯಗಳೇ ಇದಕ್ಕೆ ಸಾಕ್ಷಿ.

ಮೂರನೇ ಶತಮಾನದ ಮೊದಲ ಭಾಗದಲ್ಲಿ ಸಿರಿಯಾಕ್ ಭಾಷೆಯಲ್ಲಿ ರಚಿತವಾದ ‘ತೋಮನ ಕೃತ್ಯಗಳು’ ಎಂಬ ಗ್ರಂಥ ಅವನನ್ನು ವಾಯವ್ಯ ಭಾರತಕ್ಕೆ ಕಳಿಸುತ್ತದೆ. ಅಲ್ಲಿ ಗೊಂಡೋಫರ್ನೀಸ್ ಎಂಬ ರಾಜ. ಇಂಥ ರಾಜನಿದ್ದದ್ದೇ ಕಟ್ಟುಕಥೆಯೆಂದು ಬಹುಕಾಲ ಭಾವಿಸಲಾಗಿತ್ತು. 19ನೇ ಶತಮಾನದಲ್ಲಿ ಆಫ್ಘಾನಿಸ್ತಾನ ಮತ್ತು ಪಂಜಾಬಿನ ಕಡೆ ಅವನ ಹೆಸರಿನ ನಾಣ್ಯಗಳು ಸಿಕ್ಕವು. ಈಗ ಪಾಕಿಸ್ತಾನದಲ್ಲಿರುವ ತಖ್ತ್-ಇ-ಬಾಹಿಯ ಶಾಸನದಲ್ಲಿಯೂ ಅವನ ಹೆಸರಿದೆ. ತೋಮ ಬದುಕಿದ್ದ ಕಾಲದಲ್ಲೇ ಅವನು ಆಳುತ್ತಿದ್ದ. ರಾಜ ನಿಜವೆಂದ ಮಾತ್ರಕ್ಕೆ ಕಥೆಯೆಲ್ಲ ನಿಜವಾಗದು. ಹಾಗೆಯೇ ಶಾಸನ ಸಿಕ್ಕಿಲ್ಲವೆಂದ ಮಾತ್ರಕ್ಕೆ ಕೇರಳದ ಪರಂಪರೆ ಸುಳ್ಳೆಂದೂ ಆಗದು. ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಸಾಕ್ಷ್ಯ ಎಲ್ಲಿಯವರೆಗೆ ಕರೆದೊಯ್ಯುತ್ತದೋ ಅಲ್ಲಿಯವರೆಗೆ ಹೋಗಿ, ಅದು ನಿಂತಲ್ಲಿ ನಿಲ್ಲುವುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಆ ಗ್ರಂಥದಲ್ಲಿ ಬರುವ ಒಂದು ಕಥೆ ಮಾತ್ರ ಮರೆಯಲಾಗದ್ದು. ಭಾರತಕ್ಕೆ ಹೋಗಬೇಕೆಂದಾಗ ತೋಮ ಮೊದಲು ಒಲ್ಲೆನೆನ್ನುತ್ತಾನೆ. ಕೊನೆಗೆ ಮರಗೆಲಸ, ಕಟ್ಟಡ ಕೆಲಸ ಬಲ್ಲ ಆಳಾಗಿ ಒಬ್ಬ ವರ್ತಕನ ಜೊತೆ ಬರುತ್ತಾನೆ. ಅರಮನೆ ಕಟ್ಟಲೆಂದು ರಾಜ ಕೊಟ್ಟ ಹಣವನ್ನೆಲ್ಲ ಬಡವರಿಗೂ ರೋಗಿಗಳಿಗೂ ಹಂಚಿಬಿಡುತ್ತಾನೆ. ಅರಮನೆ ಎಲ್ಲಿ ಎಂದು ರಾಜ ಕೇಳಿದರೆ, ಕಟ್ಟಿಯಾಗಿದೆ, ಈ ಲೋಕ ಬಿಟ್ಟ ಮೇಲೆ ಕಾಣುತ್ತದೆ ಎನ್ನುತ್ತಾನೆ. ರಾಜ ಕೆರಳಿ ಸೆರೆಗೆ ಹಾಕಿಸುತ್ತಾನೆ. ಅಷ್ಟರಲ್ಲಿ ಸತ್ತ ರಾಜನ ತಮ್ಮ ಪರಲೋಕದಲ್ಲಿ ಆ ಅರಮನೆಯನ್ನು ಕಂಡು ಮರಳಿ ಬಂದು ಅಣ್ಣನಿಗೆ ತಿಳಿಸುತ್ತಾನೆ. ಚಿತ್ರಗಳಲ್ಲಿ ತೋಮನ ಕೈಯಲ್ಲಿ ಬಡಗಿಯ ಮೂಲೆಮಟ್ಟ ಕಾಣುವುದು ಇದೇ ಕಾರಣಕ್ಕೆ. ಕಣ್ಣಿಗೆ ಕಾಣದ್ದನ್ನು ನಂಬಲಾರೆನೆಂದವನು ಕಣ್ಣಿಗೆ ಕಾಣದ ಅರಮನೆಯನ್ನು ಕಟ್ಟಿದ! ಕಥೆ ಕಟ್ಟಿದವರು ತೋಮನ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರು. ನಂಬಿಕೆ ಬಂದಿದೆಯೆಂಬುದಕ್ಕೆ ಗುರುತು ಬಾಯಿಮಾತಲ್ಲ, ಉಳ್ಳದ್ದನ್ನು ಇಲ್ಲದವರಿಗೆ ಕೊಡುವ ಕೈ ಎಂಬುದು ಈ ಕಥೆಯ ತಿರುಳು.

ಚಿಕ್ಕ ಬೆಟ್ಟದ ಗವಿ

ಸ್ಯಾಂಥೋಮಿನಿಂದ ಸೈದಾಪೇಟೆಯ ಕಡೆಗೆ ಬಂದರೆ ಚಿನ್ನಮಲೈ. ಹೆಸರಿಗೆ ಬೆಟ್ಟ, ನೋಡಲು ಒಂದು ದಿಣ್ಣೆಯಷ್ಟೇ. ಸುತ್ತಲೂ ಬಸ್ಸು, ಲಾರಿಗಳ ಗದ್ದಲ. ವಿರೋಧಿಗಳಿಂದ ಮರೆಯಾಗಿ ತೋಮ ಇಲ್ಲಿಯ ಗವಿಯಲ್ಲಿ ನೆಲೆಸಿದ್ದನೆಂದು ನಂಬಿಕೆ. ಬೇಟೆಯಾಡಲ್ಪಟ್ಟವನು ಅಡಗಿದ್ದ ಜಾಗಕ್ಕೆ ತಕ್ಕಂತೆಯೇ ಗವಿ ಇಕ್ಕಟ್ಟು, ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಬಂಡೆಯಲ್ಲಿರುವ ಒಂದು ಗುರುತನ್ನು ಅವನ ಅಂಗೈ ಅಚ್ಚೆಂದು ತೋರಿಸುತ್ತಾರೆ. ಬಾಯಾರಿದ ಜನರಿಗಾಗಿ ಅವನು ಬಂಡೆಗೆ ಹೊಡೆದು ಬರಿಸಿದನೆನ್ನುವ ಒರತೆಯೂ ಇದೆ.

ಪೋರ್ಚುಗೀಸರು 1551ರಲ್ಲಿ ಇಲ್ಲಿ ಆರೋಗ್ಯಮಾತೆಯ ಚರ್ಚು ಕಟ್ಟಿದರು. ತೋಮ ಮಡಿದು 1900 ವರ್ಷಗಳಾದ ನೆನಪಿಗೆ 1970ರ ದಶಕದ ಆರಂಭದಲ್ಲಿ ವೃತ್ತಾಕಾರದ ಹೊಸ ಚರ್ಚು ಎದ್ದಿತು.

ಈ ಗವಿಯ ಮುಂದೆ ನಿಂತಾಗ ಮಕ್ಕಳಿಗೆ ಹೇಳಬೇಕಾದ ಮಾತೊಂದಿದೆ. ಸಂದೇಹ ತೀರಿದ ಮೇಲೆ ಬದುಕು ಸುಲಭವಾಗುತ್ತದೆಂದು ಯಾರೂ ತೋಮನಿಗೆ ಭರವಸೆ ಕೊಟ್ಟಿರಲಿಲ್ಲ. ಉತ್ತರ ಸಿಕ್ಕ ಮೇಲೆಯೇ ಅವನ ಕಷ್ಟಗಳು ಆರಂಭವಾದದ್ದು. ಭಾಷೆ ತಿಳಿಯದ ನಾಡು, ಹಗೆತನ, ಇಕ್ಕಟ್ಟಾದ ಗವಿ. ಐತಿಹ್ಯವನ್ನು ಒಪ್ಪುವುದಾದರೆ, ಶಿಷ್ಯರೆಲ್ಲರಲ್ಲಿ ಅತಿ ದೂರ ಬಂದವರ ಸಾಲಿಗೆ ಸೇರುವವನು, ಎಲ್ಲರಿಗಿಂತ ತಡವಾಗಿ ಒಪ್ಪಿಕೊಂಡ ತೋಮನೇ. ಕೇಳಿ ತಿಳಿದು ಒಪ್ಪಿದವನ ಕಾಲು ಸುಲಭವಾಗಿ ಹಿಂಜರಿಯುವುದಿಲ್ಲ.

ದೊಡ್ಡ ಬೆಟ್ಟದ ಮೆಟ್ಟಿಲು

ಪರಂಗಿಮಲೈ ಸುಮಾರು 300 ಅಡಿ ಎತ್ತರದ ಗುಡ್ಡ. ಪರಂಗಿಯರು ಎಂದರೆ ಪೋರ್ಚುಗೀಸರು ನೆಲೆಸಿದ್ದರಿಂದ ಈ ಹೆಸರು. ಮೇಲಕ್ಕೆ ವಾಹನದ ದಾರಿಯಿದ್ದರೂ ಹತ್ತಲು ಯೋಗ್ಯವಾದದ್ದು ಮೆಟ್ಟಿಲ ದಾರಿಯೇ. ನೂರ ಮೂವತ್ತಕ್ಕೂ ಹೆಚ್ಚಿರುವ ಈ ಮೆಟ್ಟಿಲುಗಳನ್ನು 18ನೇ ಶತಮಾನದಲ್ಲಿ ಕಟ್ಟಿಸಿದವನು ಪೆಟ್ರಸ್ ಉಸ್ಕಾನ್ ಎಂಬ ಆರ್ಮೇನಿಯದ ವರ್ತಕ. ಯಾತ್ರಿಕರು ದಾಟಿ ಬರಲೆಂದು ಅಡ್ಯಾರ್ ನದಿಗೆ ಸೇತುವೆ ಕಟ್ಟಿಸಿದವನೂ ಅವನೇ. ದಾರಿಯುದ್ದಕ್ಕೂ ಯೇಸುವಿನ ಶಿಲುಬೆಯಾತ್ರೆಯ ಹದಿನಾಲ್ಕು ಘಟ್ಟಗಳನ್ನು ನಿಲ್ಲಿಸಲಾಗಿದೆ.

ನೆತ್ತಿಯ ಮೇಲಿರುವ ಹಳೆಯ ಚರ್ಚಿನ ಪೂಜಾಪೀಠದಲ್ಲಿ ಒಂದು ಕಲ್ಲಿನ ಶಿಲುಬೆಯಿದೆ. 1547ರಲ್ಲಿ ಕಟ್ಟಡಕ್ಕಾಗಿ ನೆಲ ಅಗೆಯುವಾಗ ದೊರೆತದ್ದು. ತೋಮನೇ ಕೆತ್ತಿದನೆಂದೂ, ಕೆಲವು ಡಿಸೆಂಬರ್ 18ರ ಹಬ್ಬಗಳಂದು ಅದು ರಕ್ತ ಬೆವರಿತೆಂದೂ ನಂಬಿಕೆಯಿದೆ. ಶಿಲುಬೆಯ ಸುತ್ತ ಅರ್ಥವಾಗದ ಅಕ್ಷರಗಳು. ಅವು ಪ್ರಾಚೀನ ಪರ್ಷಿಯಾದ ಪಹ್ಲವಿ ಲಿಪಿಯವು ಎಂಬುದನ್ನು ಕುರಿತು ವಿದ್ವಾಂಸ ಎ.ಸಿ. ಬರ್ನೆಲ್ ಬರೆದ ಪುಸ್ತಿಕೆ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ, 1873ರಲ್ಲಿ. ಲಿಪಿಯ ಆಧಾರದಿಂದ ಶಿಲುಬೆ ಸುಮಾರು 7-8ನೇ ಶತಮಾನದ್ದೆಂದು ಹೇಳುತ್ತಾರೆ. ಹಾಗಿದ್ದರೆ ಅದು ತೋಮನ ಕೈಕೆಲಸವಾಗಲಾರದು. ಆದರೆ ಪೋರ್ಚುಗೀಸರು ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಈ ಬೆಟ್ಟದಲ್ಲಿ ಕ್ರೈಸ್ತರು ಪ್ರಾರ್ಥಿಸುತ್ತಿದ್ದರು ಎಂಬುದನ್ನು ಅದೇ ಕಲ್ಲು ಹೇಳುತ್ತದೆ. ಒಂದು ಹೇಳಿಕೆ ಬಿದ್ದಲ್ಲಿ ಇನ್ನೊಂದು, ಅಷ್ಟೇ ಬೆಲೆಯುಳ್ಳದ್ದು, ಎದ್ದು ನಿಂತಿತು.

ಬೆಟ್ಟದ ಬಂಡೆಯೂ ಪ್ರಸಿದ್ಧವೇ. ಕಪ್ಪು ಬೂದು ಬಣ್ಣದ ಈ ಗಟ್ಟಿ ಶಿಲೆಗೆ ಚಾರ್ನಕೈಟ್ ಎಂದು ಹೆಸರು. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಕ್‌ನ ಗೋರಿಗಲ್ಲು ಇದೇ ಜಾತಿಯ ಶಿಲೆಯೆಂದು ಗುರುತಿಸಿದ ಭೂವಿಜ್ಞಾನಿ ಥಾಮಸ್ ಹಾಲಂಡ್ 19ನೇ ಶತಮಾನದ ಕೊನೆಯಲ್ಲಿ ಈ ಹೆಸರಿಟ್ಟರು. ಹಾಗಾಗಿ ಈ ಸ್ಥಳ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಇದೇ ಬಗೆಯ ಶಿಲೆಯಿದೆ.

ಸರಪಳಿ ಹಿಡಿದವನ ಸಂದೇಹ

ಬೆಟ್ಟದ ಮೇಲೆ ನಿಂತರೆ ಒಂದು ಕಡೆ ವಿಮಾನಗಳ ಓಡುದಾರಿ, ಇನ್ನೊಂದು ಕಡೆ ಕಣ್ಣು ಹಾಯುವವರೆಗೂ ನಗರ. ಅಲ್ಲಿ ಒಬ್ಬ ಇಂಗ್ಲಿಷ್ ಸೇನಾಧಿಕಾರಿಯ ಎದೆಮಟ್ಟದ ಪ್ರತಿಮೆಯೂ ಇದೆ. ಸಂತರ ಬೆಟ್ಟದಲ್ಲಿ ಸೈನಿಕನಿಗೇನು ಕೆಲಸವೆಂದು ಅಚ್ಚರಿಯಾಗಬಹುದು. ಆತ ವಿಲಿಯಂ ಲ್ಯಾಂಬ್ಟನ್. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ 1802ರ ಏಪ್ರಿಲ್ 10ರಂದು ಅಡಿಗೆರೆ ಹಾಕಿದ್ದು ಈ ಬೆಟ್ಟದ ಸಮೀಪದಲ್ಲಿ.

ಆಗ ಚಾಲ್ತಿಯಲ್ಲಿದ್ದ ಭೂಪಟಗಳನ್ನು ಲ್ಯಾಂಬ್ಟನ್ ಒಪ್ಪಲಿಲ್ಲ. ನೂರು ಅಡಿಯ ಉಕ್ಕಿನ ಸರಪಳಿಯಿಂದ ಏಳೂವರೆ ಮೈಲಿ ಉದ್ದದ ನೇರ ಗೆರೆಯನ್ನು ಅಳೆದ. ಸುಮಾರು 400 ಬಾರಿ ಸರಪಳಿ ಎತ್ತಿ ಇಡಬೇಕಾಯಿತು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಪಕ್ಕದಲ್ಲೇ ಉಷ್ಣತಾಮಾಪಕಗಳನ್ನಿಟ್ಟು ಲೆಕ್ಕ ತಿದ್ದಿಕೊಂಡ. ಕೆಲಸಕ್ಕೆ 57 ದಿನ ಹಿಡಿಯಿತು. ಆ ಗೆರೆಯಿಂದ ತ್ರಿಕೋನಗಳನ್ನು ಹೆಣೆಯುತ್ತ ಅವನ ತಂಡ ಬೆಂಗಳೂರಿಗೆ ಬಂದು, 1804ರಲ್ಲಿ ಅಲ್ಲಿ ಇನ್ನೊಂದು ಗೆರೆ ಅಳೆಯಿತು. ಲೆಕ್ಕಕ್ಕೂ ಅಳತೆಗೂ ಕೆಲವೇ ಅಂಗುಲಗಳ ವ್ಯತ್ಯಾಸ! ತ್ರಿಕೋನಗಳು ಮಂಗಳೂರಿನ ಕಡಲು ಮುಟ್ಟಿದಾಗ ಹಳೆಯ ಭೂಪಟಗಳು ಪರ್ಯಾಯ ದ್ವೀಪವನ್ನು ಸುಮಾರು 40 ಮೈಲಿ ಅಗಲ ಹೆಚ್ಚಿಸಿ ತೋರಿಸಿದ್ದವೆಂದು ಗೊತ್ತಾಯಿತು. ಮದರಾಸಿಗೂ ಮಂಗಳೂರಿಗೂ ನಡುವೆ 400 ಮೈಲಿ ಎಂದುಕೊಂಡಿದ್ದದ್ದು 360 ಎಂದಾಯಿತು.

ನಂಬಿಕೆಯನ್ನು ಸರಪಳಿಯಿಂದ ಅಳೆಯಲಾಗದು. ದೇವರನ್ನು ಪ್ರಯೋಗಶಾಲೆಗೆ ಕರೆತರಲಾಗದು. ಆದರೆ ಸಂದೇಹದಲ್ಲಿ ಎರಡು ಬಗೆಯುಂಟೆಂಬುದು ಧರ್ಮಕ್ಕೂ ವಿಜ್ಞಾನಕ್ಕೂ ಸಮಾನ. ಒಂದು, ಕೈಕಟ್ಟಿ ಕುಳಿತು ಎಲ್ಲವನ್ನೂ ಅಲ್ಲಗಳೆಯುವ ಸಂದೇಹ. ಅದಕ್ಕೆ ಶ್ರಮವಿಲ್ಲ, ಫಲವೂ ಇಲ್ಲ. ಇನ್ನೊಂದು, ಸತ್ಯ ತಿಳಿಯಲೇಬೇಕೆಂದು ಬಿಸಿಲಿನಲ್ಲಿ ಸರಪಳಿ ಎಳೆಯುವ ಸಂದೇಹ. ತಿಳಿದದ್ದನ್ನು ಅದು ಒಪ್ಪಿಕೊಳ್ಳುತ್ತದೆ, ತನ್ನ ಭೂಪಟವನ್ನು ತಾನೇ ತಿದ್ದಿಕೊಳ್ಳುತ್ತದೆ. ತೋಮನದು ಎರಡನೆಯ ಬಗೆ.

ಆ ಎಂಟು ದಿನ

ತೋಮನ ಬದುಕಿನಲ್ಲಿ ಯಾರೂ ಹೆಚ್ಚು ಮಾತನಾಡದ ಭಾಗವೆಂದರೆ ನಡುವಿನ ಆ ಎಂಟು ದಿನಗಳು. ಹತ್ತು ಮಂದಿ ಸಂತೋಷದಲ್ಲಿದ್ದಾರೆ, ಒಬ್ಬ ನಂಬದೆ ಕುಳಿತಿದ್ದಾನೆ. ನೀನು ನಮ್ಮವನಲ್ಲವೆಂದು ಅವರು ಅವನನ್ನು ಹೊರಗೆ ಹಾಕಲಿಲ್ಲ. ನಿಮ್ಮ ಸಹವಾಸ ಸಾಕೆಂದು ಅವನೂ ಎದ್ದು ಹೋಗಲಿಲ್ಲ. ನಂಬಿದವರೂ ನಂಬದವನೂ ಎಂಟು ದಿನ ಒಂದೇ ಬಳಗವಾಗಿ ಉಳಿದರು. ಯೇಸು ಮತ್ತೆ ಬಂದಾಗ ತೋಮ ಆ ಕೋಣೆಯಲ್ಲಿ ಇದ್ದದ್ದರಿಂದಲೇ ಉತ್ತರ ಅವನಿಗೆ ದೊರೆಯಿತು.

ಹದಿಮೂರು ಹದಿನಾಲ್ಕು ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಇಂಥ ದಿನಗಳು ಬರುತ್ತವೆ. ಸಂಜೆಯ ಪ್ರಾರ್ಥನೆಗೆ ಕರೆದರೆ, ‘ದೇವರಿದ್ದಾನೆಂದು ನಿಮಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆ. ಕೆಲವು ಮನೆಗಳಲ್ಲಿ ಏಟು ಬೀಳುತ್ತದೆ, ಕೆಲವೆಡೆ ಕಣ್ಣೀರು. ಹೆಚ್ಚಿನ ಮಕ್ಕಳು ಅಲ್ಲಿಂದ ಮುಂದೆ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾರೆ. ತುಟಿ ಅಲ್ಲಾಡಿಸುತ್ತ ಕುಳಿತಿರುತ್ತಾರೆ. ಹೆತ್ತವರಿಗೆ ಸಮಾಧಾನ. ಆದರೆ ಪ್ರಶ್ನೆ ಮುಗಿದಿರುವುದಿಲ್ಲ, ಮನೆಯಿಂದ ಹೊರಗೆ ಹೋಗಿರುತ್ತದೆ. ಮುಂದೊಂದು ದಿನ ಮಗುವೂ ಅದರ ಹಿಂದೆ ಹೋಗುತ್ತದೆ.

ತೋಮನ ಜೊತೆಗಾರರು ಮಾಡಿದ್ದು ಸರಳ ಕೆಲಸ. ತಾವು ಕಂಡದ್ದನ್ನು ಹೇಳಿದರು, ಜಾಗ ಕೊಟ್ಟರು, ಕಾದರು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆನ್ನುವ, ಕೇಳಿದ ಮಗುವಿಗೆ ಊಟದ ತಟ್ಟೆಯನ್ನು ಎಂದಿನಂತೆಯೇ ಇಡುವ ಮನೆಯಲ್ಲಿ ನಂಬಿಕೆ ಬೆಳೆಯಲು ಅವಕಾಶವುಂಟು. ಮಕ್ಕಳಿಗೂ ಇದರಲ್ಲಿ ಪಾಠವಿದೆ. ಪ್ರಶ್ನೆ ಕೇಳಿದ್ದೊಂದೇ ದೊಡ್ಡ ಸಾಧನೆಯಲ್ಲ. ಉತ್ತರ ಬರುವವರೆಗೆ ಕೋಣೆ ಬಿಡದೆ ಕುಳಿತಿರಬೇಕು. ಉತ್ತರ ಬಂದಾಗ ಹಟ ಹಿಡಿಯದೆ ಒಪ್ಪಬೇಕು. ಒಪ್ಪಿದ ಮೇಲೆ ಅದರಂತೆ ನಡೆಯಬೇಕು. ಈ ಮೂರನೆಯದೇ ಅತ್ಯಂತ ಕಷ್ಟದ್ದು, ತೋಮನನ್ನು ಸಂತನನ್ನಾಗಿ ಮಾಡಿದ್ದೂ ಅದೇ.

ಹೋಗುವುದು ಹೇಗೆ?

ಬೆಂಗಳೂರಿನಿಂದ ಚೆನ್ನೈಗೆ ಸುಮಾರು 350 ಕಿಲೋಮೀಟರ್. ರೈಲು, ಬಸ್ಸು ಎರಡೂ ಹೇರಳ. ಮೂರು ತಾಣಗಳನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬಹುದು. ಬಿಸಿಲೇರುವ ಮೊದಲೇ ಬೆಳಿಗ್ಗೆ ಪರಂಗಿಮಲೈ ಹತ್ತುವುದು ಉತ್ತಮ. ಸೆಂಟ್ರಲ್ ನಿಲ್ದಾಣದಿಂದ ಮೆಟ್ರೊ ರೈಲು ಇದೆ. ಸೇಂಟ್ ಥಾಮಸ್ ಮೌಂಟ್, ಲಿಟಲ್ ಮೌಂಟ್ ಎಂಬ ಹೆಸರಿನ ನಿಲ್ದಾಣಗಳೇ ಇವೆ. ಅಲ್ಲಿಂದ ಸ್ಯಾಂಥೋಮಿಗೆ ಬಸ್ಸು ಅಥವಾ ಆಟೋ ಹಿಡಿಯಬೇಕು. ಸಂಜೆಯ ಹೊತ್ತಿಗೆ ಅಲ್ಲಿದ್ದರೆ ಕಡಲ ತಂಗಾಳಿಯ ಲಾಭವೂ ಸಿಗುತ್ತದೆ. ತೋಮನ ಹಬ್ಬ ಜುಲೈ 3ರಂದು. ಆ ದಿನಗಳಲ್ಲಿ ಜನಸಂದಣಿ ಹೆಚ್ಚು.

ಚಿಕ್ಕ ಮಕ್ಕಳನ್ನು ಕರೆದೊಯ್ದರೆ ಬೆಟ್ಟದ ಮೆಟ್ಟಿಲುಗಳನ್ನು ಎಣಿಸಲು ಹೇಳಬಹುದು. ಇಬ್ಬರು ಎಣಿಸಿದರೆ ಎರಡು ಲೆಕ್ಕ ಬರುವುದೂ ಉಂಟು. ಯಾರದ್ದು ಸರಿಯೆಂದು ಜಗಳವಾದರೆ ಚಿಂತಿಸಬೇಕಾಗಿಲ್ಲ. ಇಳಿಯುವಾಗ ಇನ್ನೊಮ್ಮೆ ಎಣಿಸಿದರಾಯಿತು.